‘ಇಲ್ಲ’ ಅಂತ ಟಿಕ್ ಹಾಕೋ ಮುಂಚೆ

ಟೆಂಡರ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಊರಿನ ‘ಪರ್ಸೆಂಟೇಜ್’ ಮಾತು. ಅಮೆರಿಕಕ್ಕೆ ಬಂದ ಮೇಲೆ, ಇಲ್ಲಿ ಎಲ್ಲವೂ ಕಾಗದದ ಮೇಲೆ ಸ್ವಚ್ಛವಾಗಿರುತ್ತೆ ಅಂತ ನಂಬಿಬಿಡುತ್ತೇವೆ. ಆ ಕಾಗದವನ್ನೇ ಒಮ್ಮೆ ಓದಿ ನೋಡೋಣ.

2008ರ ಕಾನೂನೊಂದರ ಪ್ರಕಾರ, ಇಲ್ಲಿನ ಕೇಂದ್ರ ಸರ್ಕಾರದಿಂದ ಪಡೆದ, ಚಾಲ್ತಿಯಲ್ಲಿರುವ ಗುತ್ತಿಗೆ ಮತ್ತು ಅನುದಾನಗಳು ಒಟ್ಟು 1 ಕೋಟಿ ಡಾಲರ್ ದಾಟಿದ ಕಂಪನಿ ಹೊಸ ದೊಡ್ಡ ಗುತ್ತಿಗೆಗೆ ಬಿಡ್ ಹಾಕುವಾಗ ತನ್ನ ಹಳೆಯ ಚರಿತ್ರೆ ಹೇಳಬೇಕು. ಸರ್ಕಾರಿ ಗುತ್ತಿಗೆಗೆ ಸಂಬಂಧಿಸಿ ಹಿಂದಿನ 5 ವರ್ಷಗಳಲ್ಲಿ ಕ್ರಿಮಿನಲ್ ಶಿಕ್ಷೆಯಾಗಿದೆಯೇ? ಸಿವಿಲ್ ಕೇಸಿನಲ್ಲಿ ತಪ್ಪು ಸಾಬೀತಾಗಿ 5,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕಟ್ಟಬೇಕಾಗಿ ಬಂದಿದೆಯೇ? ಈ ಮಾಹಿತಿಯ ಬಹುಭಾಗವನ್ನು 2011ರಿಂದ ಜನಸಾಮಾನ್ಯರೂ ನೋಡಬಹುದು. ಇದು ನಿಜಕ್ಕೂ ಮೆಚ್ಚಬೇಕಾದ ವಿಷಯ.

ಆದರೆ ಒಂದು ಕಡೆ ಬಾಗಿಲು ತೆರೆದೇ ಇದೆ. ಕೇಸು ರಾಜಿಯಲ್ಲಿ ಮುಗಿದಿದ್ದರೆ, ಕಂಪನಿ ತಪ್ಪು ಒಪ್ಪಿಕೊಂಡಿದ್ದಾಗ ಮಾತ್ರ ಅದನ್ನು ಘೋಷಿಸಬೇಕು. ಸರ್ಕಾರಕ್ಕೆ ಸುಳ್ಳು ಬಿಲ್ ಕೊಟ್ಟ ಆರೋಪದ ಕೇಸುಗಳಲ್ಲಿ ಎಷ್ಟೋ ಸಲ ಕಂಪನಿ ದುಡ್ಡು ಕಟ್ಟುತ್ತದೆ, ‘ಇದು ಬರೀ ಆರೋಪ, ಹೊಣೆ ಸಾಬೀತಾಗಿಲ್ಲ’ ಅನ್ನೋ ಸಾಲಿನೊಂದಿಗೆ ಕೇಸು ಮುಗಿಯುತ್ತದೆ. ಆಮೇಲೆ ಫಾರ್ಮಿನಲ್ಲಿ ‘ಇಲ್ಲ’ ಅಂತ ಟಿಕ್ ಹಾಕಿದರೆ ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಕಂಪನಿಗಳ ವಾದ ನಮಗೂ ಅರ್ಥವಾಗುತ್ತೆ. ವರ್ಷಗಟ್ಟಲೆ ಕೋರ್ಟು ಅಲೆಯೋದಕ್ಕಿಂತ ದುಡ್ಡು ಕಟ್ಟಿ ಮುಗಿಸೋದೇ ವಾಸಿ ಅಂತ ತಪ್ಪು ಮಾಡದವರೂ ರಾಜಿಯಾಗಬಹುದು. ಆದರೆ ಘೋಷಣೆ ಅಂದರೆ ಶಿಕ್ಷೆ ಅಲ್ಲವಲ್ಲ! ದಾಖಲೆಯ ಜೊತೆಗೇ ತನ್ನ ವಿವರಣೆ ಬರೆಯೋಕೆ ಕಂಪನಿಗೆ ಈಗಲೂ ಅವಕಾಶ ಇದೆ. ಒಂದು ಮೊತ್ತ ದಾಟಿದ ಎಲ್ಲ ರಾಜಿಗಳೂ, ತಪ್ಪೊಪ್ಪಿಗೆ ಇರಲಿ ಬಿಡಲಿ, ಆ ದಾಖಲೆಗೆ ಸೇರಬೇಕು. ಅಧಿಕಾರಿ ಎರಡೂ ಕಡೆ ಓದಿ ತೀರ್ಮಾನಿಸಲಿ.

ಹತ್ತು ಅಂಕದ ಅಸೈನ್‌ಮೆಂಟಿಗೂ ‘ಇದು ನನ್ನದೇ ಕೆಲಸ’ ಅಂತ ಸಹಿ ಹಾಕಿ ಕೊಡುವವರು ನಾವು. ನಾಳೆ ನಮ್ಮಲ್ಲೇ ಕೆಲವರು ಸೇತುವೆಗೋ ಸಾಫ್ಟ್‌ವೇರ್‌ಗೋ ಬಿಡ್ ತಯಾರಿಸುವ ಟೀಮಿನಲ್ಲಿ ಕೂತಿರುತ್ತೇವೆ. ‘ತಪ್ಪು ಒಪ್ಪಿಕೊಂಡಿಲ್ವಲ್ಲ, ಇಲ್ಲ ಅಂತ ಹಾಕು’ ಅಂತ ಯಾರೋ ಹೇಳುತ್ತಾರೆ. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಆದರೂ ‘ಹಾಗಾದರೆ ದುಡ್ಡು ಕಟ್ಟಿದ್ದು ಯಾಕೆ?’ ಅಂತ ಕೇಳುವ ಒಬ್ಬರಾದರೂ ಆ ರೂಮಿನಲ್ಲಿ ಇರಬೇಕು. ಆ ಒಬ್ಬರು ನಾವೇ ಆಗೋಣ.