ಕಲಾಸಂಘವಿದೆ, ಕಲೆಯ ಪಾಠವಿಲ್ಲ

ಪ್ರಾಥಮಿಕ ಶಾಲೆಗಳಲ್ಲಿ ಕಲೆಗೆ ಪ್ರತ್ಯೇಕ ಶಿಕ್ಷಕರು ಬೇಕೇ, ಅಥವಾ ಕಲಾಸಂಘ, ಪ್ರತಿಭಾ ಕಾರಂಜಿ ಸ್ಪರ್ಧೆ, ಪಾಠದೊಳಗೇ ಕಲೆಯನ್ನು ಬೆರೆಸುವ ವಿಧಾನ ಇವಿಷ್ಟೇ ಸಾಕೇ ಎಂಬ ಚರ್ಚೆಯಲ್ಲಿ ಎರಡನೆಯ ಪಕ್ಷವೇ ಕರ್ನಾಟಕದಲ್ಲಿ ಸದ್ದಿಲ್ಲದೆ ಗೆದ್ದಿದೆ. ವಾದದ ಬಲದಿಂದಲ್ಲ, ಖರ್ಚು ಕಡಿಮೆಯೆಂಬ ಕಾರಣದಿಂದ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಹೇಳುತ್ತದೆಯಾದರೂ, ಆ ಸೌಲಭ್ಯವನ್ನು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿಗೆ ಮಾತ್ರ ಸೀಮಿತಗೊಳಿಸಿದೆ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಕಲಾಬೋಧಕರು ಬೇಕೆಂದು ಕಾಯಿದೆ ಭಾವಿಸಿದಂತಿಲ್ಲ. ಮಲೆನಾಡಿನ ಚದುರಿದ ಊರುಗಳ ಶಾಲೆಗಳಿಗಂತೂ ನೂರರ ಗಡಿ ದಾಟುವುದೇ ಕಷ್ಟ.

ಪ್ರತಿಭಾ ಕಾರಂಜಿಯನ್ನು ಇದಕ್ಕೆ ಪರಿಹಾರವೆಂದು ತೋರಿಸುವುದು ರೂಢಿ. ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿನ ಹಂತದಲ್ಲಿ ಗೆದ್ದ ಮಗು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುವ ಈ ವ್ಯವಸ್ಥೆ ಹಳ್ಳಿಯ ಎಷ್ಟೋ ಮಕ್ಕಳಿಗೆ ವೇದಿಕೆ ಕೊಟ್ಟಿರುವುದು ನಿಜ. ಆದರೆ ಸ್ಪರ್ಧೆಯು ಇರುವ ಪ್ರತಿಭೆಯನ್ನು ಆರಿಸುತ್ತದೆಯೇ ಹೊರತು ಇಲ್ಲದ ಕಲಿಕೆಯನ್ನು ಒದಗಿಸುವುದಿಲ್ಲ. ಮಣ್ಣಿನ ಮಾದರಿಯ ಸ್ಪರ್ಧೆಗೆ ಶಾಲೆಯಿಂದ ಒಂದು ಹೆಸರು ಹೋದ ಮೇಲೆ ಉಳಿದವರ ಕೈಗೆ ಮಣ್ಣು ಅಂಟುವುದು ಅಪರೂಪ. ಕಲಾಸಂಘದ ಕಥೆಯೂ ಇದೇ: ಚೆನ್ನಾಗಿ ಚಿತ್ರ ಬಿಡಿಸುವವರು ಅದರ ಸದಸ್ಯರು, ಆಗಸ್ಟ್ 15ರ ಮುನ್ನಾದಿನ ಅಂಗಳ ಸಿಂಗರಿಸುವುದು ಅದರ ಕಾರ್ಯಕ್ರಮ, ವಾರ್ಷಿಕ ವರದಿಯಲ್ಲೊಂದು ಸಾಲು ಅದರ ಫಲ. ಗಣಿತ ಬರುವವರಿಗಷ್ಟೇ ಗಣಿತ ಕಲಿಸುವ ಶಾಲೆಯನ್ನು ಯಾವ ಪೋಷಕರೂ ಒಪ್ಪಲಾರರು.

ತರಬೇತಾದ ಶಿಕ್ಷಕರು ಏಕೆ ಬೇಕೆಂಬುದು ಸಾಮಾನ್ಯ ಚಿತ್ರಕಲಾ ಅವಧಿಯೊಂದನ್ನು ಗಮನಿಸಿದರೆ ತಿಳಿಯುತ್ತದೆ. ಕಪ್ಪುಹಲಗೆಯ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ದಂಡೆಯಲ್ಲೊಂದು ಗುಡಿಸಲು ಮತ್ತು ಬಾಗಿದ ತೆಂಗಿನಮರ ಮೂಡುತ್ತವೆ. ಗುಡ್ಡವನ್ನೂ ತೆಂಗನ್ನೂ ಅಪರೂಪಕ್ಕೆ ಕಾಣುವ ಎರೆಸೀಮೆಯ ಮಕ್ಕಳೂ ಅದನ್ನೇ ನಕಲು ಮಾಡುತ್ತಾರೆ. ಮಕ್ಕಳ ಚಿತ್ರಗಳನ್ನು ಕುರಿತು 1947ರಲ್ಲಿ ಮಹತ್ವದ ಗ್ರಂಥ ಪ್ರಕಟಿಸಿದ ವಿಕ್ಟರ್ ಲೋವೆನ್‌ಫೆಲ್ಡ್, ಸುಮಾರು ಏಳರಿಂದ ಒಂಬತ್ತರ ವಯಸ್ಸನ್ನು ‘ಸ್ಕೀಮಾ’ ಹಂತವೆಂದು, ಅಂದರೆ ಮಗು ತಾನು ಬಲ್ಲ ವಸ್ತುಗಳಿಗೆ ತನ್ನದೇ ಆದ ಆಕೃತಿಯನ್ನು ಕಂಡುಕೊಳ್ಳುವ ಕಾಲವೆಂದು ಗುರುತಿಸಿದರು. ಆ ವಯಸ್ಸಿನ ಮಗು ಅಮ್ಮನನ್ನು ಮನೆಗಿಂತ ದೊಡ್ಡದಾಗಿ ಬರೆಯಬಹುದು, ಗೋಡೆಯ ಹಿಂದಿನ ಒಲೆಯನ್ನೂ ತೊಟ್ಟಿಲನ್ನೂ ಹೊರಗಿನಿಂದಲೇ ಕಾಣಿಸಬಹುದು. ಬಲ್ಲ ಶಿಕ್ಷಕರಿಗೆ ಅದು ಮಗು ಯೋಚಿಸುವ ಬಗೆಯ ದಾಖಲೆ. ಅರಿಯದವರಿಗೆ ರಬ್ಬರಿನಿಂದ ಅಳಿಸಬೇಕಾದ ತಪ್ಪು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲಾಸಂಯೋಜಿತ ಕಲಿಕೆಯನ್ನು, ಎಂದರೆ ಇತರ ವಿಷಯಗಳನ್ನು ಹಾಡು, ಚಿತ್ರ, ನಾಟಕಗಳ ಮೂಲಕ ಬೋಧಿಸುವ ಕ್ರಮವನ್ನು, ಪ್ರೋತ್ಸಾಹಿಸಿತು. ಕರ್ನಾಟಕಕ್ಕೆ ಇದೇನೂ ಹೊಸತಲ್ಲ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಬೋಧನಾ ಕ್ರಮವು ಹಾಡು, ಆಟಗಳನ್ನೇ ನೆಚ್ಚಿಕೊಂಡಿತ್ತು. ಆದರೆ ಈ ಕ್ರಮದಲ್ಲಿ ಕಲೆ ಬೇರೆ ವಿಷಯದ ಚಾಕರಿಯಲ್ಲೇ ಉಳಿಯುತ್ತದೆ. ದಾಸವಾಳದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ವಿಜ್ಞಾನದ ಪಾಠ. ಅಲ್ಲಿ ಕೇಸರ, ದಳಗಳು ಸರಿಯಿದ್ದರಾಯಿತು, ಹೂವಿನ ಕೆಂಪು ಯಾವ ಕೆಂಪು ಎಂದು ಕೇಳುವವರಿಲ್ಲ.

ಓದು, ಲೆಕ್ಕವೇ ಬಾರದ ಮಕ್ಕಳಿಗೆ ಬಣ್ಣದ ಪೆಟ್ಟಿಗೆ ಏಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಬಳಪ ಹಿಡಿದ ಬೆರಳು ಅಕ್ಷರಕ್ಕಿಂತ ಮೊದಲು ಗೆರೆಯಲ್ಲೇ ಪಳಗುತ್ತದೆ. ಅಲ್ಲದೆ, ಈ ಆಕ್ಷೇಪ ಕೇಳಿಬರುವುದು ಸರ್ಕಾರಿ ಶಾಲೆಯ ಮಕ್ಕಳ ವಿಷಯದಲ್ಲಿ ಮಾತ್ರ ಎಂಬುದು ಸೋಜಿಗ. ದುಬಾರಿ ಶುಲ್ಕದ ಶಾಲೆಗಳು ತಮ್ಮ ಕಲಾಕೊಠಡಿಯ ಫೋಟೊವನ್ನು ಕರಪತ್ರದಲ್ಲೇ ಅಚ್ಚು ಹಾಕಿಸುತ್ತವೆ.

ಶಾಲೆಗೊಬ್ಬರು ಅಸಾಧ್ಯವೆಂದಾದರೆ ಕ್ಲಸ್ಟರಿಗೊಬ್ಬರು ಪೂರ್ಣಾವಧಿ ಕಲಾಶಿಕ್ಷಕರನ್ನು ನೇಮಿಸಿ, ವಾರದ ನಿಗದಿತ ದಿನ ಒಂದೊಂದು ಶಾಲೆಗೆ ಕಳುಹಿಸಬಹುದು. ಶಾಲೆಗಳು ಶಿಕ್ಷಕರನ್ನು ಹಂಚಿಕೊಳ್ಳುವ ಕಲ್ಪನೆ 2020ರ ನೀತಿಯಲ್ಲೇ ಇದೆ. ಮೈಸೂರಿನ ಕಲಾಶಾಲೆ ‘ಕಾವಾ’ದಿಂದ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಿಂದ ಪದವಿ ಪಡೆದು ಹೊರಬರುವವರಿದ್ದಾರೆ, ಇಲ್ಲದಿರುವುದು ಹುದ್ದೆ. ಅದು ಸೃಷ್ಟಿಯಾಗುವವರೆಗೆ ಪ್ರಗತಿಪತ್ರದಲ್ಲಿ ಕಲೆಗೆ ಶ್ರೇಣಿ ನಮೂದಿಸುವ ಪದ್ಧತಿಯನ್ನಾದರೂ ಇಲಾಖೆ ಕೈಬಿಡಬೇಕು; ಕಲಿಸದ ವಿಷಯಕ್ಕೆ ಸಾಲುಸಾಲಾಗಿ ‘ಎ’ ತುಂಬುವ ಕೆಲಸವನ್ನು ತರಗತಿ ಶಿಕ್ಷಕರ ತಲೆಗೆ ಕಟ್ಟುವುದು ನ್ಯಾಯವಲ್ಲ.