ಘಾಟೋ? ಅಲರ್ಜಿಯೋ?

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಸಹೋದರಿಯರಿಗೆ ಸೀನು, ಕೆಮ್ಮು, ಕಣ್ಣೀರು ಹೊಸತಲ್ಲ. ‘ಘಾಟು, ಅಷ್ಟೇ’ ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಹೆಚ್ಚಿನ ಸಲ ಅದು ಘಾಟೇ ಆಗಿರುತ್ತದೆ. ಆದರೆ ಎಲ್ಲ ಸಲವೂ ಅಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಅದರಲ್ಲಿರುವ ಕ್ಯಾಪ್ಸೈಸಿನ್ ಮೂಗು, ಕಣ್ಣು, ಗಂಟಲಿನ ನರಗಳನ್ನು ನೇರವಾಗಿ ಕೆರಳಿಸುತ್ತದೆ. ಇದು ಯಾರಿಗಾದರೂ ಆಗುವಂಥದ್ದು. ಹೊರಗಿನ ಗಾಳಿಗೆ ಬಂದರೆ ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ.

ಅಲರ್ಜಿಯ ದಾರಿಯೇ ಬೇರೆ. ನಮ್ಮ ಮೂಗು, ಶ್ವಾಸನಾಳ, ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಅವುಗಳ ಮೈಮೇಲೆ ‘ಎಫ್‌ಸಿ ಎಪ್ಸಿಲಾನ್ ಆರ್‌ಐ’ ಎಂಬ ಪ್ರೊಟೀನಿನ ಕೊಂಡಿಗಳಿವೆ. ಅಲರ್ಜಿಯ ಗುಣವಿರುವವರ ದೇಹವು ಪರಾಗ ಅಥವಾ ಬೂಷ್ಟನ್ನು ಶತ್ರುವೆಂದು ತಪ್ಪು ತಿಳಿದು ‘ಐಜಿಇ’ ಎಂಬ ಪ್ರತಿಕಾಯ ತಯಾರಿಸುತ್ತದೆ. ಇದನ್ನು 1966ರಲ್ಲಿ ಪತ್ತೆ ಹಚ್ಚಿದವರಲ್ಲಿ ಜಪಾನ್ ಮೂಲದ ವಿಜ್ಞಾನಿ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ ಪ್ರಮುಖರು. ಐಜಿಇ ಆ ಕೊಂಡಿಗಳಲ್ಲಿ ಕುಳಿತು ಕಾಯುತ್ತದೆ. ಅದೇ ಪರಾಗ ಮತ್ತೆ ಒಳಬಂದು ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಕೊಂಡಿಗಳು ಒಂದುಗೂಡಿ ಕೋಶ ಎಚ್ಚರಗೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಹೊರಚೆಲ್ಲುತ್ತದೆ. ಮೂಗು ಕಟ್ಟುತ್ತದೆ, ಶ್ವಾಸನಾಳ ಕಿರಿದಾಗುತ್ತದೆ.

‘ಇಷ್ಟು ವರ್ಷ ಇಲ್ಲದ್ದು ಈಗೇಕೆ?’ ಎಂದು ನೀವು ಕೇಳಬಹುದು. ಐಜಿಇ ತಯಾರಾದ ಮೇಲೆಯೇ ತೊಂದರೆ ಶುರುವಾಗುವುದು. ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಪರಾಗ, ಹಾವೇರಿಯ ರಸ್ತೆಬದಿಯಲ್ಲಿ ಪಾರ್ಥೇನಿಯಂ, ಮನೆಯಲ್ಲಿ ತೇವ ಹಿಡಿದ ಚೀಲದ ಬೂಷ್ಟು, ಯಾವುದೂ ಕಾರಣವಾಗಬಹುದು.

ಹಾಗಾದರೆ ಗುರುತಿಸುವುದು ಹೇಗೆ? ಕೆಲಸ ಬಿಟ್ಟು ಬಂದ ಮೇಲೂ ಕೆಮ್ಮು ನಿಲ್ಲದಿದ್ದರೆ, ರಾತ್ರಿ ಎದೆಯಲ್ಲಿ ಸುಂಯ್ ಎಂಬ ಸದ್ದು ಬಂದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ಅದನ್ನು ಘಾಟು ಎನ್ನಬೇಡಿ. ವೈದ್ಯರಿಗೆ ತೋರಿಸಿ, ನಿಮ್ಮ ಕೆಲಸ ಏನೆಂದು ಹೇಳಿ. ಅಂಗಡಿಯಿಂದ ತಂದ ಅಲರ್ಜಿ ಮಾತ್ರೆ ಸೀನನ್ನು ತಡೆದೀತು, ಉಬ್ಬಸಕ್ಕೆ ಸಾಲದು. ಇನ್‌ಹೇಲರ್ ಚಟವಾಗುತ್ತದೆಂಬ ಭಯ ಬೇಡ. ಅದರಿಂದ ಸ್ವಲ್ಪವೇ ಔಷಧಿ ನೇರವಾಗಿ ಶ್ವಾಸನಾಳಕ್ಕೆ ತಲುಪುತ್ತದೆ. ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೆಲಸದ ವೇಳೆ ಮೂಗು, ಬಾಯಿಗೆ ಮಾಸ್ಕ್ ಇರಲಿ. ಮನೆಗೆ ಬಂದೊಡನೆ ಕೈ, ಮುಖ ತೊಳೆದು, ಬಟ್ಟೆ ಬದಲಿಸಿ, ನಂತರ ಮಗುವನ್ನು ಎತ್ತಿಕೊಳ್ಳಿ.

ಮನೆಮಂದಿಯ ಮದ್ದಿನ ಹೊತ್ತನ್ನೆಲ್ಲ ನೆನಪಿಟ್ಟುಕೊಳ್ಳುವವರು ನೀವು. ನಿಮ್ಮ ಉಸಿರನ್ನೂ ಸ್ವಲ್ಪ ಗಮನಿಸಿ.