ಗೋಲಿನ ಜೋಯಿಸರು

ಕಾಲ್ಚೆಂಡಿನ ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡು ಸೀಮೆಯ ಶಾಲೆಗಳಲ್ಲಿ ಜೋಯಿಸರ ಸಂಖ್ಯೆ ಒಮ್ಮೆಲೇ ಹೆಚ್ಚುತ್ತದೆ. ಯಾವ ತಂಡ ಎಷ್ಟು ಗೋಲು ಹೊಡೆದೀತೆಂದು ಆಟಕ್ಕೆ ಮೊದಲೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಸರಿಯಾಗಿ ಬರೆದವನಿಗೆ ಬಹುಮಾನ ಕೊಡುವುದು, ಇದೇ ಕ್ರೀಡಾಭಿಮಾನದ ಪರಮಲಕ್ಷಣವೆನಿಸಿಬಿಟ್ಟಿದೆ. 2022ರಲ್ಲಿ ಅಂಥ ಡಬ್ಬಿಯೊಂದನ್ನು ಮುಂದೆ ನಿಂತು ಇಡಿಸಿದವರಲ್ಲಿ ನಾವೂ ಸೇರಿದ್ದೆವು. ಅದರ ವಿರುದ್ಧ ಬರೆಯುವ ಹೊಣೆಯೂ ಆದ್ದರಿಂದ ನಮ್ಮದೇ.

ಒಂದು ತಂಡವನ್ನು ಮೆಚ್ಚಿ ಹಿಂಬಾಲಿಸುವುದರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಆ ವರ್ಷ ಕೋಯಿಕ್ಕೋಡು ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೆಯ್ಮಾರ್, ರೊನಾಲ್ಡೊ ಅವರ ಬೃಹದಾಕಾರದ ಚಿತ್ರಗಳು ಎದ್ದು ನಿಂತಾಗ ನಗುವವರು ನಕ್ಕರು, ನಾವು ನಗಲಿಲ್ಲ. ನಾವೂ ಅರ್ಜೆಂಟೀನದ ಪಕ್ಷದವರೇ.

ನವೆಂಬರ್ 22ರ ಮಂಗಳವಾರ ಅಪರಾಹ್ಣ ಮೂರೂವರೆಗೆ, ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ, ಅರ್ಜೆಂಟೀನಕ್ಕೆ ಸೌದಿ ಅರೇಬಿಯ ಎದುರಾಯಿತು. ಅರ್ಜೆಂಟೀನ ಸತತ 36 ಪಂದ್ಯಗಳಲ್ಲಿ ಸೋಲನ್ನರಿಯದೆ ಬಂದಿತ್ತು. ನಮ್ಮ ಡಬ್ಬಿಯಲ್ಲಿ 3–0, 4–0, 5–0 ಎಂಬ ಚೀಟಿಗಳೇ ತುಂಬಿದ್ದವು. ಸೌದಿ ಗೆದ್ದೀತೆಂದು ಬರೆದವನು ಒಬ್ಬನೂ ಇರಲಿಲ್ಲ. ಹತ್ತನೆಯ ನಿಮಿಷದಲ್ಲಿ ಮೆಸ್ಸಿ ಪೆನಾಲ್ಟಿಯಿಂದ ಗೋಲು ಹೊಡೆದಾಗ ಎಲ್ಲ ಜೋಯಿಸರ ಮುಖವೂ ಅರಳಿತು. ಅನಂತರ ಮಧ್ಯಂತರದೊಳಗೆ ಚೆಂಡು ಮತ್ತೆ ಮೂರು ಸಲ ಬಲೆಗೆ ಹೋಯಿತು. ಮೂರು ಸಲವೂ ಆಫ್‌ಸೈಡ್ ಎಂಬ ತೀರ್ಪು ಬಂತು. ಮಕ್ಕಳು ರೆಫ್ರಿಯನ್ನು ಶಪಿಸತೊಡಗಿದರು. ತಮ್ಮ ಚೀಟಿಯ ಅಂಕಿಯನ್ನು ಯಾರೋ ಕದ್ದರೆಂಬ ಸಿಟ್ಟು ಅವರದು.

ಆದರೆ ಕಣ್ಣೆದುರಿಗೆ ಆಗುತ್ತಿದ್ದುದೇನು? ಸೌದಿಯ ರಕ್ಷಕರು ತಮ್ಮ ಗೋಲಿನ ಬಳಿ ಗುಂಪುಗೂಡಿ ಕಾಯುವುದನ್ನು ಬಿಟ್ಟು, ಮೈದಾನದ ನಡುಗೆರೆಯ ಸಮೀಪದವರೆಗೆ ಒಂದೇ ಸಾಲಾಗಿ ಏರಿ ನಿಂತಿದ್ದರು. ಪಾಸು ಹೊರಡುವ ಕ್ಷಣದಲ್ಲಿ ಎದುರಾಳಿಯ ಅರ್ಧದೊಳಗೆ, ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದಿದ್ದು ಆಟದಲ್ಲಿ ಕೈಹಾಕಿದವನು ತಪ್ಪಿತಸ್ಥನೆಂಬ ನಿಯಮವನ್ನೇ ಅವರು ಬಲೆಯಾಗಿ ಬೀಸಿದ್ದರು. ಸಾಲಿನಲ್ಲಿ ಒಬ್ಬನು ಒಂದು ಹೆಜ್ಜೆ ಹಿಂದುಳಿದರೂ ಸರ್ವನಾಶ! ಅವರ ತರಬೇತುದಾರ ಹರ್ವೆ ರೆನಾರ್ಡನ ಈ ಎದೆಗಾರಿಕೆಯ ಫಲವಾಗಿ ಅರ್ಜೆಂಟೀನ ಒಂದೇ ಗೋಲಿನಲ್ಲಿ ನಿಂತಿತು. ಉತ್ತರಾರ್ಧದ 48ನೆಯ ಮತ್ತು 53ನೆಯ ನಿಮಿಷಗಳಲ್ಲಿ ಸೌದಿ ಎರಡು ಗೋಲು ಹೊಡೆದು 2–1ರಿಂದ ಗೆದ್ದಿತು. ಕರಿಹಲಗೆಯ ಮೇಲೆ ಗೆರೆಯೆಳೆದು ಒಂದು ಗಂಟೆ ಪಾಠ ಹೇಳಬಹುದಾದ ಆಟ ಅದು. ಹೇಳಬೇಕಾಗಿದ್ದ ನಾವು ಡಬ್ಬಿ ತೆರೆದು ಚೀಟಿ ಎಣಿಸುತ್ತ ಕುಳಿತಿದ್ದೆವು. 5–0 ಎಂದು ಬರೆದು, ಕೂಗಿ ಕೂಗಿ ಸಾರಿದ್ದ ಏಳನೆಯ ತರಗತಿಯ ಹುಡುಗನೊಬ್ಬ ಗೆಳೆಯರ ಪರಿಹಾಸ್ಯಕ್ಕೆ ಹೆದರಿ ಮರುದಿನ ಶಾಲೆಗೇ ಬರಲಿಲ್ಲ.

ಬಲ್ಲವನು ಸರಿಯಾಗಿ ಊಹಿಸುತ್ತಾನೆ, ಆದ್ದರಿಂದ ಊಹೆಯೂ ವಿದ್ಯೆಯೇ ಎಂದು ಸಹೋದ್ಯೋಗಿ ಮಿತ್ರರು ವಾದಿಸುತ್ತಾರೆ. ಕಾಲ್ಚೆಂಡಿನಲ್ಲಿ ಗೋಲುಗಳೇ ವಿರಳ. ಕಂಬಕ್ಕೆ ತಾಗಿದ ಚೆಂಡು ಒಳಕ್ಕೆ ಚಿಮ್ಮಿದರೆ ಒಂದು ಲೆಕ್ಕ, ಹೊರಕ್ಕೆ ಚಿಮ್ಮಿದರೆ ಇನ್ನೊಂದು. ಬಲ್ಲವನಿಗೆ ಆಟದ ನಡೆ ತಿಳಿದೀತು, ಅಂಕಿ ತಿಳಿಯದು. 1950ರ ಜುಲೈ 16ರಂದು ಡ್ರಾ ಮಾಡಿಕೊಂಡರೂ ಸಾಕಾಗಿದ್ದ ಬ್ರೆಜಿಲ್ ತನ್ನ ಮರಕಾನಾದಲ್ಲಿಯೇ ಉರುಗ್ವೆಗೆ 2–1ರಿಂದ ಸೋತಿತು. ಆ ದೇಶದಲ್ಲಿ ಕಾಲ್ಚೆಂಡನ್ನು ಬಲ್ಲವರಿಗೆ ಬರಗಾಲವಿತ್ತೆ?

ಸೌದಿಗೆ ಸೋತ ಮೇಲೆ ನಮ್ಮ ಮಕ್ಕಳಲ್ಲಿ ಅರ್ಧ ಪಾಲು ಅರ್ಜೆಂಟೀನವನ್ನು ಕೈಬಿಟ್ಟು ಬೇರೆ ತಂಡಗಳ ಅಂಕಿ ಬರೆಯತೊಡಗಿದರು. ಹಿಂಬಾಲಿಸಲು ತಕ್ಕ ಕಾಲ ಬಂದದ್ದೇ ಆಗ. ತರಬೇತುದಾರ ಸ್ಕಲೋನಿ ಮೆಕ್ಸಿಕೋ ವಿರುದ್ಧ ಐದು ಆಟಗಾರರನ್ನು ಬದಲಿಸಿದನು. ಆ ದಿನ ನಡುವೆ ಬಂದು ಗೋಲು ಹೊಡೆದ ಎನ್ಸೊ ಫೆರ್ನಾಂಡಿಸ್ ಪೋಲೆಂಡ್ ವಿರುದ್ಧ ಮೊದಲಿನಿಂದಲೇ ಆಡಿದನು. ಡಿಸೆಂಬರ್ 18ರ ಅಂತಿಮ ಪಂದ್ಯದಲ್ಲಿ ಡಿ ಮರಿಯಾ ಎಂದಿನ ಬಲಗಡೆಯನ್ನು ಬಿಟ್ಟು ಎಡಗಡೆ ನಿಂತನು. ಒಂದು ಪೆನಾಲ್ಟಿ ಗಳಿಸಿ, ಒಂದು ಗೋಲು ಹೊಡೆದನು. 64ನೆಯ ನಿಮಿಷದಲ್ಲಿ ಅವನನ್ನು ಹೊರಕ್ಕೆ ಕರೆಸಿಕೊಂಡದ್ದು ಸರಿಯೇ ತಪ್ಪೇ ಎಂಬುದನ್ನು ನಾವು ಇಂದಿಗೂ ಚರ್ಚಿಸಬಲ್ಲೆವು. ಏಕೆಂದರೆ 80 ಮತ್ತು 81ನೆಯ ನಿಮಿಷಗಳಲ್ಲಿ ಎಂಬಾಪೆ ಎರಡು ಗೋಲು ಹೊಡೆದು ಪಂದ್ಯವನ್ನು ಸಮಮಾಡಿದನು. ಇದಾವುದಕ್ಕೂ ಡಬ್ಬಿಯಲ್ಲಿ ಸ್ಥಳವಿರಲಿಲ್ಲ. ಹೆಚ್ಚುವರಿ ಸಮಯದ ಕೊನೆಗೆ 3–3, ಪೆನಾಲ್ಟಿಗಳಲ್ಲಿ 4–2. ಅರ್ಜೆಂಟೀನ ಕಪ್ ಗೆದ್ದಿತು. ದಾಖಲೆಯಲ್ಲಿ ಪಂದ್ಯ ಡ್ರಾ! ಬಹುಮಾನ ಯಾರಿಗೆಂದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆದ ಜಗಳವನ್ನು ಇಲ್ಲಿ ವರ್ಣಿಸಲು ನಾಚಿಕೆಯಾಗುತ್ತದೆ.

ಮುಂದಿನ ಸಲ ಬಹುಮಾನ ಇರಲಿ. ಆಟ ಮುಗಿದ ಮರುದಿನ, ಯಾವುದಾದರೂ ಒಂದು ಗೋಲು ಹೇಗೆ ಬಂತು, ಅದಕ್ಕೆ ಮೊದಲು ಯಾರು ಎಲ್ಲಿದ್ದರು, ಯಾರು ಎಡವಿದರು ಎಂಬುದನ್ನು ಕನ್ನಡದಲ್ಲಿ ಹತ್ತು ಸಾಲು ಬರೆದ ವಿದ್ಯಾರ್ಥಿಗೆ ಅದು ಸಲ್ಲಲಿ. ಸೋತ ತಂಡದ ಅಭಿಮಾನಿಯೂ ಅದನ್ನು ಗೆಲ್ಲಬಹುದು. ಕನ್ನಡದಲ್ಲಿ ಶಬ್ದಗಳಿಲ್ಲವೆಂಬ ನೆವ ಬೇಡ. ಆಫ್‌ಸೈಡ್, ಪೆನಾಲ್ಟಿ ಹಾಗೆಯೇ ಇರಲಿ, ಓಡುವುದು, ತಡೆಯುವುದು, ನುಸುಳುವುದು, ಎಡವುವುದು ಎಲ್ಲವೂ ನಮ್ಮಲ್ಲಿವೆ. ಡಬ್ಬಿ ಈಗ ನಮ್ಮ ಕೊಠಡಿಯ ಕಪಾಟಿನಲ್ಲಿದೆ. ಸೀಮೆಸುಣ್ಣ ತುಂಬಿಡಲು ಬಹಳ ಅನುಕೂಲವಾಗಿದೆ.